ಏಳು ನೀರಲ್ಲಿ ತೊಳೆದ ಅವರೆ

ಮೊದಲ ಬಸುರಿನ ನಾಲ್ಕನೇ ತಿಂಗಳಲ್ಲಿ ನನಗೆ ಹಿತಕಿದ ಅವರೆಬೇಳೆಯ ಸಾರು ಉಣ್ಣುವ ಆಸೆಯಾಯಿತು. ಅದು ಜೂನ್ ತಿಂಗಳು. ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಟ್ಟು ಮುಗಿದಿತ್ತು, ಅವರೆಯನ್ನು ಇನ್ನೂ ಬಿತ್ತಿರಲೇ ಇಲ್ಲ. ಸೊಗಡಿನ ಕಾಯಿ ಕಣ್ಣಿಗೆ ಬೀಳಬೇಕಾದರೆ ಧನುರ್ಮಾಸದ ಚಳಿ ಬರಬೇಕು. ನಾನು ಸುಮ್ಮನಿದ್ದೆ. ಕೆ.ಆರ್. ನಗರದಲ್ಲಿ ಹುಟ್ಟಿ, ಮೈಸೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದು, ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ಬಾಯಿಬಿಟ್ಟು ಕೇಳಿ ಪಡೆಯುವ ಅಭ್ಯಾಸ ನನಗಿರಲಿಲ್ಲ. ಬಡಿಸಿದ್ದನ್ನು ತಟ್ಟೆಯಲ್ಲಿ ಬಿಡದೆ ಉಣ್ಣುವುದನ್ನಷ್ಟೇ ಸಿಸ್ಟರುಗಳು ಕಲಿಸಿದ್ದರು.

ಆದರೂ ಒಂದು ಬೆಳಿಗ್ಗೆ ನಮ್ಮವರ ಮುಂದೆ ಬಾಯಿತಪ್ಪಿ ಅಂದುಬಿಟ್ಟೆ. ಅವರು ನಗುತ್ತ ಅದನ್ನು ಅಡುಗೆಮನೆಗೆ ಮುಟ್ಟಿಸಿದರು.

"ನಗ್ತೀಯಲ್ಲ ಕತ್ತೆ," ಎಂದು ಅತ್ತೆ ಮಗನನ್ನು ಗದರಿದರು. "ಬಸ್ರಿ ಎಂಗ್ಸು ಬಾಯ್ಬುಟ್ಟು ಕೇಳಿದ್ದ ಕೊಡ್ದೆ ಓದ್ರೆ ಉಟ್ಟೋ ಮಗೀನ ಕಿವಿ ಸೋರ್ತದೆ ಕಣ್ಲಾ."

ಜಗಲಿಯಲ್ಲಿ ಕೂತಿದ್ದ ಮಾವ ಅಲ್ಲಿಂದಲೇ ಹೇಳಿದರು. "ಉಣಸೂರು ಸಂತೇಲಿ ಒಣಗಿದ್ ಕಾಳು ಸಿಕ್ತದೆ. ನಾಳಿಕ್ಕೆ ತತ್ತೀನಿ ಬುಡು."

"ಸಂತೆ ಕಾಳ ನಿಮ್ ಒಗೆಸೊಪ್ಪಿನ ಅರಾಜು ಕಟ್ಟೆ ಸ್ನೇಯಿತರಿಗೆ ಬೇಯ್ಸಾಕಿ. ನನ್ ಸೊಸೆಗೆ ಬ್ಯಾಡ."

ಹೀಗೆಂದವರೇ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಗೆ ಹೋಗಿ, ಸೊಂಟದೆತ್ತರದ ಮಣ್ಣಿನ ಗುಡಾಣದ ಬಾಯಿಗೆ ಮೆತ್ತಿದ್ದ ಸಗಣಿಯನ್ನು ಉಗುರಿನಿಂದ ಕೆರೆಯತೊಡಗಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಏನು ನಡೆಯುತ್ತಿದೆಯೆಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು. ಅದು ಬಿತ್ತನೆಯ ಬೀಜ. ಅದನ್ನು ಉಣ್ಣುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಅತ್ತೆಯ ಅವರೆ ನಮ್ಮ ಬೀದಿಗೆಲ್ಲ ಗೊತ್ತಿದ್ದ ಅವರೆ. ಪಿರಿಯಾಪಟ್ಟಣದ ಕಡೆಯ ಕಂಪಲಾಪುರ ಅವರ ತವರು. ಮದುವೆಯಾಗಿ ಬರುವಾಗ ಅವರವ್ವ ಮಡಿಲಕ್ಕಿಯ ಜೊತೆಗೆ ಒಂದು ಬೊಗಸೆ ಅವರೆ ಕಟ್ಟಿದ್ದರಂತೆ. ಆಮೇಲೆ ಪ್ರತಿ ಸುಗ್ಗಿಯಲ್ಲೂ ಬಳ್ಳಿಯ ನಡುವಿನ ದಪ್ಪ ಕಾಯಿಗಳನ್ನೇ ಆರಿಸಿ, ಒಣಗಿಸಿ, ಬೀಜ ಎತ್ತಿಡುತ್ತ ಬಂದಿದ್ದರು. ರಾಗಿ ಬಿತ್ತುವ ಹೊತ್ತಿಗೆ, ಅದರ ನಡುನಡುವೆ ಹಾಕುವ ಅಕ್ಕಡಿ ಸಾಲಿಗೆಂದು ಅಕ್ಕಪಕ್ಕದ ಹೆಂಗಸರು ಮೊರ ಹಿಡಿದು ಬರುತ್ತಿದ್ದರು. ಅತ್ತೆ ಗುಡಾಣದ ಪಕ್ಕ ಕಾಲು ನೀಡಿ ಕೂತು ಅಳೆದು ಕೊಡುತ್ತಿದ್ದರು. ಆ ಹೊತ್ತು ಅವರ ಮುಖ ನೋಡಬೇಕಿತ್ತು.

ಹಿಂದೆ ಆ ಬೀಜಕ್ಕೆ ಒಲೆಯ ಬೂದಿ ಬೆರೆಸುತ್ತಿದ್ದರಂತೆ. ಎಷ್ಟು ಬೆರೆಸಿದರೂ ಒಂದು ಪಾಲು ಹುಳಕ್ಕೆ ಹೋಗುತ್ತಿತ್ತು. ನಮ್ಮವರು ಇನ್ನೂ ಚಿಕ್ಕವರಾಗಿದ್ದಾಗ, ಸೊಳ್ಳೆಗೆಂದು ಗೋಡೆಗೆ ಔಷಧಿ ಹೊಡೆಯಲು ಬಂದವರನ್ನು ಮಾವ ಕೇಳಿ, ತಗಡಿನ ಬಿಸ್ಕತ್ತು ಡಬ್ಬದ ತುಂಬ ಬಿಳಿ ಪುಡಿ ಇಸಿದುಕೊಂಡರು. ಡಿಡಿಟಿ. ಅಲ್ಲಿಂದ ಮುಂದೆ ಬೂದಿಯ ಕೆಲಸ ಮುಗಿಯಿತು. ಡಬ್ಬ ಬರಿದಾದಾಗ ಯಾರಿಂದಲೋ ಮತ್ತೆ ತುಂಬಿಸಿಕೊಳ್ಳುತ್ತಿದ್ದರು. ಬೀಜಕ್ಕಷ್ಟೇ ಅಲ್ಲ, ಹಸುವಿನ ಮೈಯ ಉಣ್ಣೆಗೂ ಅದೇ, ಹೆಣ್ಣುಮಕ್ಕಳ ತಲೆಯ ಹೇನಿಗೂ ಅದೇ, ಸಕ್ಕರೆ ಡಬ್ಬಕ್ಕೆ ಹತ್ತುವ ಇರುವೆಗೂ ಅದೇ. ಅತ್ತೆ ಅದನ್ನು ಬರಿಗೈಯಲ್ಲಿ ಕಾಳಿಗೆ ಕಲಸಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಅವತ್ತು ಎರಡು ಪಾವು ಕಾಳು ತೆಗೆದು ಬಚ್ಚಲ ಕಲ್ಲಿನ ಮೇಲೆ ತೊಳೆಯಲು ಕೂತರು. ಮೊದಲ ನೀರು ಅಕ್ಕಚ್ಚಿನಂತೆ ಬೆಳ್ಳಗೆ ಹೋಯಿತು. ಎರಡನೆಯದರಲ್ಲಿ ಬಿಳುಪು ಕಡಿಮೆಯಾಯಿತು. ಆರನೆಯ ನೀರು ಕೊಡದ ನೀರಿನಷ್ಟೇ ತಿಳಿಯಾಗಿತ್ತು. ಅತ್ತೆ ಕಾಳನ್ನು ಬೊಗಸೆಯಲ್ಲೆತ್ತಿ ಮೂಸಿ, "ಇನ್ನೊಂದ್ ನೀರು," ಎಂದರು. ಏಳನೆಯ ನೀರು ಬಗ್ಗಿಸಿ, ನೆನೆಹಾಕಿ, ಮಾರನೆಯ ದಿನ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸಿದರು. ಸಾರಿಗೆ ಇಂಗಿನ ಒಗ್ಗರಣೆ, ಬಿಸಿ ಮುದ್ದೆಯ ಗುಳಿಯಲ್ಲಿ ತುಪ್ಪ. ನಾನು ಎರಡು ಸಲ ಬಡಿಸಿಕೊಂಡು ಉಂಡೆ. ರಾತ್ರಿಗೂ ಅದನ್ನೇ ಉಂಡೆ. ಮುಂದಿನ ವಾರ ನಾಚಿಕೆ ಬಿಟ್ಟು ಮತ್ತೆ ಕೇಳಿದೆ, ಅತ್ತೆ ಮತ್ತೆ ಮಾಡಿದರು.

ನವೆಂಬರಿನಲ್ಲಿ ಕೆ.ಆರ್. ನಗರದ ತವರುಮನೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಬಾಣಂತನ ಮುಗಿಸಿ ಮಾರ್ಚಿನಲ್ಲಿ ನಾನು ಮಗುವಿನೊಂದಿಗೆ ಗಂಡನ ಮನೆಗೆ ಹಿಂತಿರುಗಿದೆ. ಎರಡು ಸಾವಿರದ ಎರಡನೇ ಇಸವಿ.

ಆ ತಿಂಗಳು ಒಂದು ದಿನ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ರೈತರನ್ನೆಲ್ಲ ಕೂರಿಸಿ ಏನೋ ಹೇಳಿ, ಕೈಗೊಂದು ಕಾಗದ ಕೊಟ್ಟು ಕಳಿಸಿದ್ದರು. ಮಾವ ಅದನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಮುಂದಿಟ್ಟರು.

"ಇಂಗ್ಲೀಸ್ ಕಡೆದ ಓದವ್ವ. ಕನ್ನಡದಲ್ಲಿ ನಾಕೇ ಸಾಲು ಆಕವ್ರೆ, ಇಂಗ್ಲೀಸ್ನಲ್ಲಿ ಪುಟದ್ ತುಂಬ ಅದೆ. ನಮ್ಗೆ ಏಳ್ದೆ ಇರೋದು ಏನೋ ಇರ್ಬೇಕು."

ಯಾವ ಕಾಗದ ಬಂದರೂ ಕೆಳಗಿನ ಸಣ್ಣ ಅಕ್ಷರವನ್ನು ಮೊದಲು ಓದಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೆಳಗಿನಿಂದ ಶುರುಮಾಡಿದೆ. ಬೇಗ ನಾಶವಾಗದ ಕೆಲವು ವಿಷಗಳನ್ನು ಲೋಕದಲ್ಲೇ ಇಲ್ಲದಂತೆ ಮಾಡಬೇಕೆಂದು ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆ, ಹೊರದೇಶದ ಖರೀದಿದಾರರು ಇನ್ನು ಮುಂದೆ ಎಲೆಯಲ್ಲಿ ಅವುಗಳ ಅಂಶವಿದೆಯೇ ಎಂದು ಪರೀಕ್ಷೆ ಮಾಡಿಸುತ್ತಾರೆ ಎಂದು ಅದರಲ್ಲಿತ್ತು. ಅದರ ಮೇಲೆ ಹೆಸರುಗಳು. ನಾನು ಒಂದೊಂದಾಗಿ ಓದಿದೆ.

"ಆಲ್ಡ್ರಿನ್ನ ಗೆದ್ಲಿಗೆ ಆಕ್ತಿದ್ದೋ," ಎಂದರು ಮಾವ. "ಎಂಡ್ರಿನ್ ಬುಡು, ಈ ಸೀಮೇಲಿ ಅದ್ರ ಎಸ್ರು ಕೇಳ್ದೆ ಇರೋರ್ಯಾರು. ಗಂಡ ಎಂಡ್ರು ಜಗಳ ಆಡುದ್ರೂ ಎಂಡ್ರಿನ್ ಕುಡೀತೀನಿ ಅಂತಿದ್ರು. ಆಮೇಲೆ?"

"ಡಿಡಿಟಿ," ಎಂದೆ.

ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತಿದರು. "ಅದ್ನೂ ಬರ್ದವ್ರಾ? ಅದೇನ್ ಮಾಡ್ತು ಪಾಪ." ಮನೆಯವರ ಮೇಲೆ ಯಾರೋ ಚಾಡಿ ಹೇಳಿದಂತೆ ಇತ್ತು ಅವರ ದನಿ.

"ಎಲೆಗೆ ಬ್ಯಾಡ ಅಂದಿರೋದು ಕಣೆ, ಮನೆಗಲ್ಲ," ಎಂದು ಮಾವ ಸಮಾಧಾನ ಹೇಳಿದರು. "ಎಲೆ ಅಡಗ್ನಲ್ಲಿ ಒರದೇಸಕ್ಕೆ ಓದ್ಮೇಲೆ ಅಲ್ಲೊಂದು ಮಿಸಿನ್ಗೆ ಆಕ್ತಾರಂತೆ. ಎಳ್ಳು ಕಾಳಷ್ಟಿದ್ರೂ ಇಡ್ದಾಕ್ಬುಡ್ತದಂತೆ ಅದು."

ಸೆರಗಿನಡಿ ಹಾಲು ಕುಡಿಯುತ್ತಿದ್ದ ಮಗು ಅದನ್ನು ಬಿಟ್ಟು ಕಾಗದದ ಸದ್ದಿನ ಕಡೆಗೆ ತಿರುಗಿತು. ಅದರ ತುಟಿಯ ಅಂಚಿನಲ್ಲಿ ಒಂದು ಹನಿ ನಿಂತಿತ್ತು. ನಾನು ಅದನ್ನು ಒರೆಸಿದೆ. ಆಗ ನನಗೆ ಇನ್ನೂ ಏನೂ ತಿಳಿದಿರಲಿಲ್ಲ. ಆದರೂ ಒರೆಸಿದ ಬೆರಳನ್ನು ಕೊಂಚ ಹೊತ್ತು ನೋಡಿದ್ದು ನೆನಪಿದೆ.

ತಿಳಿದದ್ದು ಮುಂದಿನ ತಿಂಗಳು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸಲೆಂದು ತವರಿಗೆ ಹೋಗಿದ್ದೆ. ನಮ್ಮಪ್ಪ ನಿವೃತ್ತ ಮೇಷ್ಟರು. ಇಂಗ್ಲಿಷ್ ಪತ್ರಿಕೆಗಳನ್ನು ಮಾರದೆ ಮಂಚದ ಕೆಳಗೆ ಜೋಡಿಸಿಡುತ್ತಿದ್ದರು. ಮಗು ಮಲಗಿದ್ದಾಗ ಸುಮ್ಮನೆ ತಿರುವಿ ಹಾಕುತ್ತಿದ್ದೆ. ಒಂದರಲ್ಲಿ ಹರಾಜು ಕಟ್ಟೆಯ ಕಾಗದದಲ್ಲಿದ್ದ ಅದೇ ಹೆಸರುಗಳು ಕಂಡವು.

ಸ್ವೀಡನ್ನಿನ ರಾಜಧಾನಿಯಲ್ಲಿ ಹಿಂದಿನ ವರ್ಷ ಆದ ಒಪ್ಪಂದದ ಬಗ್ಗೆ ಬರೆದಿದ್ದರು. ಪಟ್ಟಿಯಲ್ಲಿ ಹನ್ನೆರಡು ವಿಷಗಳು. ನಮ್ಮ ದೇಶವೂ ಸಹಿ ಹಾಕುವುದರಲ್ಲಿದೆ ಎಂದಿತ್ತು. ಡಿಡಿಟಿಗೆ ಮಾತ್ರ ಒಂದು ಕಿಂಡಿ ತೆರೆದಿಟ್ಟಿದ್ದರು. ಬೇರೆ ದಾರಿಯಿಲ್ಲದ ದೇಶಗಳು ಮಲೇರಿಯಾದ ಸೊಳ್ಳೆಗೆ ಅದನ್ನು ಬಳಸಬಹುದು. ಇವೆಲ್ಲ ಓದುತ್ತ ಹೋದೆ. ಕೊನೆಯ ಭಾಗದಲ್ಲಿ, ಈ ವಿಷಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ, ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ, ತಾಯಿಯ ಎದೆಹಾಲಿನಲ್ಲಿ ಇಳಿದು ಮಗುವಿಗೆ ಹೋಗುತ್ತವೆ ಎಂದಿತ್ತು.

ನೀರಿನಲ್ಲಿ ಕರಗುವುದಿಲ್ಲ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಅತ್ತೆಯ ಏಳು ನೀರು ಬಚ್ಚಲ ಕಲ್ಲಿನ ಮೇಲೆ ಹರಿದುಹೋಗುವುದು ಕಣ್ಣಿಗೆ ಕಟ್ಟಿತು. ಮುದ್ದೆಯ ಗುಳಿಯ ತುಪ್ಪವೂ ಕಣ್ಣ ಮುಂದೆ ಬಂತು.

"ಯಾಕಮ್ಮ, ಬೆವರ್ತಾ ಇದ್ದೀಯಲ್ಲ," ಎಂದರು ಅಪ್ಪ.

"ಅಪ್ಪ, ಪೇಪರ್‌ನಲ್ಲಿ ಬರೋದೆಲ್ಲ ನಿಜ ಇರತ್ತಾ?"

"ರಾಜಕೀಯ ಇದ್ರೆ ಅರ್ಧ ನಿಜ. ಯಾವುದು?"

"ಏನಿಲ್ಲ. ದೇಶಗಳೆಲ್ಲ ಸೇರಿ ಒಪ್ಪಂದ ಮಾಡ್ಕೊಂಡಿದ್ದು."

"ಅಷ್ಟು ದೇಶ ಒಂದು ಮಾತಿಗೆ ಒಪ್ಪಬೇಕಾದ್ರೆ ಅದು ನಿಜವಾಗಿರ್ಬೇಕು ಕಣಮ್ಮ. ಇಲ್ಲಿ ಅಣ್ಣತಮ್ಮಂದಿರು ಒಂದು ಬೇಲಿಗೆ ಒಪ್ಪಲ್ಲ," ಎಂದು ಅಪ್ಪ ನಕ್ಕು ಕನ್ನಡಕ ಏರಿಸಿದರು. ನಾನು ಆ ಹಾಳೆಯನ್ನು ಮಡಿಸಿ ಮಗುವಿನ ಬಟ್ಟೆಯ ಚೀಲದಲ್ಲಿಟ್ಟುಕೊಂಡೆ.

ಹಿಂತಿರುಗುವಾಗ ಬಿಳಿಕೆರೆಯಲ್ಲಿ ಇಳಿದು ಹುಣಸೂರಿನ ಬಸ್ಸಿಗೆ ಕಾಯಬೇಕಿತ್ತು. ಚುಚ್ಚಿದ ಕಿವಿ ನೋಯುತ್ತಿದ್ದ ಮಗು ಹಾಲಿಗೆ ಅಳತೊಡಗಿತು. ನಾನು ಭುಜಕ್ಕೆ ಹಾಕಿಕೊಂಡು ಅತ್ತಿತ್ತ ಓಡಾಡಿದೆ. ಒಂದು ಬಸ್ಸು ಬಂತು, ನಿಲ್ಲದೆ ಹೋಯಿತು. ಸೌತೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ನೋಡುವಷ್ಟು ನೋಡಿ, "ಕೊಡವ್ವ ಆಲ. ನಾಚ್ಕೆಯಾದ್ರೆ ಇತ್ತಗೆ ಬಾ, ನಾನು ಅಡ್ಡ ಕುಂತ್ಕತೀನಿ," ಎಂದಳು. ಅವಳ ಬೆನ್ನ ಮರೆಯಲ್ಲಿ ಕೂತು ಮಗುವನ್ನು ಎದೆಗೆ ಹಚ್ಚಿದೆ. ಅದು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯಿತು. ಪ್ರತಿ ಗುಟುಕಿನ ಸದ್ದೂ ನನಗೆ ಕೇಳುತ್ತಿತ್ತು. ಕುಡಿಯಲಿ ಎಂದುಕೊಳ್ಳುತ್ತಿದ್ದೆ. ಸಾಕು ಎಂದೂ ಅಂದುಕೊಳ್ಳುತ್ತಿದ್ದೆ.

ಮನೆಗೆ ಬಂದ ದಿನವೇ ನಮ್ಮವರಿಗೆ ಹೇಳಿದೆ. ಹಾಳೆಯಲ್ಲಿದ್ದುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಜೋಡಿಸುತ್ತಿದ್ದವರು ಕೆಲಸ ನಿಲ್ಲಿಸಿ ನೆಲದ ಮೇಲೆ ಕೂತರು. "ಅವ್ವಂಗೆ ಏಳ್ಬ್ಯಾಡ," ಎಂದರು. "ಎಲ್ಲಾ ಬುಟ್ಟು ಬಿತ್ನೆ ಬೀಜ ತೆಗ್ದು ನಿಂಗೆ ಇಕ್ದೋಳು. ಗೊತ್ತಾದ್ರೆ ಜೀವ ಇಟ್ಕಳಾಕಿಲ್ಲ."

"ಮತ್ತೆ ಮಗು?"

"ಚೆಂದಾಗದಲ್ಲ. ಕೊಬ್ಬಿದ ಕರ ಇದ್ದಂಗದೆ."

ಕೊಬ್ಬು ಎಂಬ ಮಾತೇ ಆಗ ನನಗೆ ಬೇಡವಾಗಿತ್ತು. ಮಗುವಿನ ತೊಡೆಯ ಮಡಿಕೆಗಳನ್ನು ನೋಡಿದರೆ ಅದರೊಳಗೆ ಏನು ಕೂತಿದೆಯೋ ಎನ್ನಿಸುತ್ತಿತ್ತು.

ಮಾರನೆಯ ದಿನದಿಂದ ಎದೆಹಾಲು ನಿಲ್ಲಿಸಿದೆ. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದೆ. ಸಂಜೆ ಕೊಟ್ಟಿಗೆಗೆ ಹೋದಾಗ ಅತ್ತೆ ಹಸುವಿನ ಕುತ್ತಿಗೆಯ ಕೆಳಗೆ ಉಣ್ಣೆಗೆ ಅದೇ ಬಿಳಿ ಪುಡಿ ಉಜ್ಜುತ್ತಿದ್ದರು. ಹಸು ನಾಲಿಗೆ ಚಾಚಿ ತನ್ನ ಪಕ್ಕೆಯನ್ನು ನೆಕ್ಕಿಕೊಳ್ಳುತ್ತಿತ್ತು. ನಾನು ಒಳಗೆ ಬಂದು ಒಳಲೆಯಲ್ಲಿ ಉಳಿದಿದ್ದ ಹಾಲು ಚೆಲ್ಲಿದೆ. ಹುಣಸೂರಿನಿಂದ ಡಬ್ಬದ ಹಾಲಿನ ಪುಡಿ ತರಿಸಿದೆ. ಅದೂ ಯಾವುದೋ ಹಸುವಿನದೇ ಅಲ್ಲವೇ ಎಂದು ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ನನಗೆ ಬೇಕಾದ ಸಂಗತಿ ಅಲ್ಲೂ ಇರಲಿಲ್ಲ.

ಎರಡನೆಯ ದಿನಕ್ಕೆ ನನ್ನ ಎದೆ ಕಲ್ಲಾಗಿ ಜ್ವರ ಬಂತು. ಮಗು ಡಬ್ಬದ ಹಾಲನ್ನು ಕಕ್ಕಿ, ನನ್ನ ಸೆರಗನ್ನು ಹಿಡಿದೆಳೆದು ಅತ್ತು ಅತ್ತು ಧ್ವನಿ ಕಟ್ಟಿಸಿಕೊಂಡಿತು. ಅತ್ತೆ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಶಾಖ ಕೊಟ್ಟರು.

"ಯಾಕಮ್ಮಣ್ಣಿ ಇಂಗ್ ಮಾಡೀಯೆ," ಎಂದು ಮೊದಲು ಮೆತ್ತಗೆ ಕೇಳಿದರು. ಶಾಖ ಕೊಡುತ್ತಿದ್ದ ಕೈ ನಿಲ್ಲಿಸದೆ ಅವರೇ ಮುಂದುವರಿಸಿದರು. "ಮೈಕಟ್ಟು ಕೆಡ್ತದೆ ಅಂತ ಪ್ಯಾಟೆ ಎಣ್ಮಕ್ಳು ಆಲು ಬುಡುಸ್ತಾರಂತೆ, ಕೇಳಿದ್ದೆ. ನಮ್ಮನೇಲೇ ನೋಡ್ತೀನಿ ಅಂದ್ಕಂಡಿರ್ನಿಲ್ಲ."

ಆ ಮಾತು ನನ್ನನ್ನು ಸೀಳಿತು. ಆದರೂ ಅದೇ ವಾಸಿ ಎನ್ನಿಸಿತು. ಅವರು ತಪ್ಪು ನನ್ನದೆಂದು ತಿಳಿದುಕೊಂಡಿರಲಿ, ತಮ್ಮದೆಂದು ಬೇಡ.

ಮೂರನೆಯ ದಿನ ನಮ್ಮವರು ನನ್ನನ್ನೂ ಮಗುವನ್ನೂ ಹುಣಸೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಗೆ ಸಾಲಾಗಿ ಕೂತ ಬಸುರಿಯರನ್ನು ನೋಡುತ್ತ, ಇವರಲ್ಲಿ ಎಷ್ಟು ಜನರ ಮನೆಯಲ್ಲಿ ಎಂಥ ಡಬ್ಬ ಇದೆಯೋ ಎಂದುಕೊಳ್ಳುತ್ತಿದ್ದೆ. ನನ್ನ ಸರದಿ ಬಂದಾಗ ಪತ್ರಿಕೆಯ ಹಾಳೆಯನ್ನು ಡಾಕ್ಟರ ಮುಂದೆ ಬಿಡಿಸಿಟ್ಟೆ. ಅವರು ಓದಿದರು. ಆಮೇಲೆ ನನ್ನ ಎದೆಯನ್ನು ಪರೀಕ್ಷಿಸಿದರು, ಮಗುವಿನ ತೂಕ ನೋಡಿದರು.

"ಹಾಲು ಟೆಸ್ಟ್ ಮಾಡಿಸಬಹುದಾ ಡಾಕ್ಟರೇ?"

"ಇದನ್ನೆಲ್ಲ ಟೆಸ್ಟ್ ಮಾಡೋ ಲ್ಯಾಬು ನನಗೆ ಗೊತ್ತಿರೋ ಹಾಗೆ ಇಲ್ಲೆಲ್ಲೂ ಇಲ್ಲಮ್ಮ. ಮಾಡಿಸಿ, ಇದೆ ಅಂತ ಬಂತು ಅಂದ್ಕೊಳ್ಳಿ. ಏನು ಮಾಡ್ತೀರಿ?"

"ನಿಲ್ಲಿಸ್ತೀನಿ."

"ನಿಲ್ಲಿಸಿ ಏನು ಕೊಡ್ತೀರಿ? ಭೇದಿ ಆಗಿ ಬರೋ ಮಕ್ಕಳಲ್ಲಿ ಬಾಟಲಿ ಮಕ್ಕಳೇ ಜಾಸ್ತಿ. ಇವತ್ತಿನ ಕಾಲದಲ್ಲಿ ಇದು ಒಂಚೂರೂ ಇಲ್ಲದ ತಾಯಿ ಯಾವ ದೇಶದಲ್ಲೂ ಸಿಗಲ್ಲ. ಆದರೂ ಎದೆಹಾಲೇ ಕೊಡಿ ಅಂತಾನೇ ನಾವು ಹೇಳೋದು. ಹೋಗಿ, ಹೊರಗೆ ಬೆಂಚ್ ಮೇಲೆ ಕೂತು ಮೊದಲು ಹಾಲು ಕೊಡಿ."

ಕೊಟ್ಟೆ. ಎದೆಯ ನೋವು ಇಳಿಯಿತು. ಒಳಗಿನ ಕಳವಳ ಇಳಿಯಲಿಲ್ಲ. ಹಡಗಿನಲ್ಲಿ ಹೋಗುವ ಹೊಗೆಸೊಪ್ಪಿಗೆ ಎಳ್ಳು ಕಾಳಷ್ಟನ್ನೂ ಹಿಡಿಯುವ ಯಂತ್ರವಿದೆ, ಸುಟ್ಟು ಹೊಗೆ ಬಿಡುವ ಎಲೆ ಅದು. ಮಗು ಕುಡಿಯುವ ಹಾಲಿಗೆ ಬೆಂಚು ಮಾತ್ರ ಇದೆ. ಇದನ್ನು ಯಾರಿಗೆ ಹೇಳುವುದು? ಬಿಳಿ ಪುಡಿಯ ಡಬ್ಬವನ್ನು ಅತ್ತೆಗೆ ಕಾಣದಂತೆ ಅಟ್ಟದ ಮೇಲಿಟ್ಟೆ. ಅಲ್ಲಿಂದ ಇಲಿ ಉರುಳಿಸೀತು ಎಂದು ಇಳಿಸಿ ಸೌದೆ ಕೊಟ್ಟಿಗೆಗೆ ಸಾಗಿಸಿದೆ. ಅಲ್ಲಿ ಮಗು ಅಂಬೆಗಾಲಿಡುತ್ತ ಹೋದೀತು ಎಂದು ಮತ್ತೆ ಎತ್ತಿದೆ. ತಿಪ್ಪೆಗೆ ಹಾಕಿದರೆ ಹೊಲಕ್ಕೆ, ಕಾಲುವೆಗೆ ಹಾಕಿದರೆ ಲಕ್ಷ್ಮಣತೀರ್ಥ ಹೊಳೆಗೆ. ಗೊಬ್ಬರದಂಗಡಿಯವರು ಮುಟ್ಟಲೂ ಒಪ್ಪಲಿಲ್ಲವೆಂದು ನಮ್ಮವರು ಹೇಳಿದರು. "ಎಲ್ಲೋಯ್ತು ಡಬ್ಬ?" ಎಂದು ಅತ್ತೆ ವಾರಕ್ಕೆರಡು ಸಲ ಕೇಳುತ್ತಿದ್ದರು. ನಾನು ಹುಡುಕುವವಳಂತೆ ಓಡಾಡುತ್ತಿದ್ದೆ.

ಜೂನ್ ಮತ್ತೆ ಬಂತು. ಒಂದು ಬೆಳಿಗ್ಗೆ ಎದುರುಮನೆಯಾಕೆ ಮೊರವನ್ನು ಸೊಂಟಕ್ಕಿಟ್ಟುಕೊಂಡು ಬಂದರು. ಅವರ ಸೊಸೆಗೆ ಮೂರು ತಿಂಗಳಾಗಿತ್ತು.

"ಅಕ್ಕಯ್ಯ, ನಮ್ ಎಣ್ಣು ಅನ್ನ ಮುಟ್ತಿಲ್ಲ ಕಣಕ್ಕಯ್ಯ. ಓದ್ವರ್ಸ ನಿನ್ ಸೊಸೆಗೆ ಅವರೆಕಾಳು ಮಾಡಿಕ್ದಲ್ಲ, ಅದ್ನೇ ಕನ್ವರಿಸ್ತಾಳೆ. ಎಲ್ಡು ಪಾವು ಕೊಡು. ಎಂಗ್ ತೊಳೀಬೇಕು ಅಂತಾನೂ ಏಳ್ಬುಡು."

ಅತ್ತೆಯ ಮುಖ ಅರಳಿತು. "ಏಳು ನೀರು ಕಣವ್ವ. ಆರಕ್ಕೆ ನಿಲ್ಲುಸ್ಬ್ಯಾಡ," ಎನ್ನುತ್ತ ಎದ್ದು ಕತ್ತಲೆ ಕೋಣೆಗೆ ನಡೆದರು. ಗುಡಾಣದ ಬಾಯಿ ಕೆರೆಯುವ ಸದ್ದು ಬಂತು. ನಾನು ನಡುಮನೆಯಲ್ಲಿ ಮಗುವಿಗೆ ಹಾಲು ಕೊಡುತ್ತ ಕೂತಿದ್ದೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅತ್ತೆ ನೆಮ್ಮದಿಯಾಗಿರುತ್ತಾರೆ. ಎದುರುಮನೆಯ ಹುಡುಗಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಾಳೆ. ಆಮೇಲೆ ಅವಳೂ ಹೀಗೇ ಕೂತು ಹಾಲು ಕೊಡುತ್ತಾಳೆ, ಏನೂ ತಿಳಿಯದೆ.

"ಅತ್ತೆ, ಕೊಡಬೇಡಿ," ಎಂದೆ.

ಕೆರೆಯುವ ಸದ್ದು ನಿಂತಿತು. ಎದುರುಮನೆಯಾಕೆ ನನ್ನತ್ತ ತಿರುಗಿದರು.

"ಯಾಕವ್ವ? ನೀನು ಉಣ್ನಿಲ್ವಾ? ನಿಂಗೊಂದು ನ್ಯಾಯ, ನಮ್ ಎಣ್ಗೊಂದು ನ್ಯಾಯವಾ?"

ಅತ್ತೆ ಬಾಗಿಲಿಗೆ ಬಂದು ನಿಂತರು. ಕೈಬೆರಳಿನಲ್ಲಿ ಒಣಸಗಣಿ ಇತ್ತು. ಮೊರ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಆ ಮನೆಯಲ್ಲಿ ಎಂದೂ ನಡೆದಿರಲಿಲ್ಲ. "ಏನಂದೆ?" ಎಂದರು. ಅಷ್ಟು ಗಟ್ಟಿ ದನಿಯಲ್ಲಿ ಅವರು ನನ್ನೊಡನೆ ಮಾತಾಡಿದ್ದೇ ಇಲ್ಲ.

ಹೇಳಿದೆ. ಮಗುವನ್ನು ಎದೆಯಿಂದ ಬಿಡಿಸದೆ ಹೇಳಿದೆ. ಹರಾಜು ಕಟ್ಟೆಯ ಕಾಗದ, ಅಪ್ಪನ ಮನೆಯ ಪತ್ರಿಕೆ, ನೀರಿಗೆ ಬಿಡದೆ ಕೊಬ್ಬಿಗೆ ಹತ್ತುವ ಪುಡಿ, ಹಾಲು, ಡಾಕ್ಟರು, ಎಲ್ಲ. ನಾನು ಹಾಲು ನಿಲ್ಲಿಸಿದ್ದು ಮೈಕಟ್ಟಿಗಲ್ಲ ಎನ್ನುವುದನ್ನೂ ಹೇಳಿದೆ. ಅದನ್ನು ಬಿಡಬಹುದಿತ್ತು, ಬಿಡಲಿಲ್ಲ.

"ಊ, ನಮ್ಮತ್ತೇನೂ ಇದ್ನೇ ಕಲಸ್ತಿದ್ದದ್ದು. ನಾವೇನು ಸತ್ತೋದ್ವಾ," ಎಂದರು ಎದುರುಮನೆಯಾಕೆ. ಆದರೆ ಮೊರವನ್ನು ಮುಂದೆ ಚಾಚಲಿಲ್ಲ. "ಓದ್ದೋರ್ ಮನೆ ಸವಾಸ," ಎಂದು ಗೊಣಗುತ್ತ ಹೊರಟುಹೋದರು.

ಅತ್ತೆ ಹೊಸ್ತಿಲ ಮೇಲೆ ಕೂತರು. ಬೆರಳಿನ ಸಗಣಿಯನ್ನು ಉದುರಿಸುತ್ತಲೇ ಇದ್ದರು, ಉದುರಿ ಮುಗಿದ ಮೇಲೂ.

"ಯಾವಾಗ್ ಗೊತ್ತಾಯ್ತು ನಿಂಗೆ?"

"ಕಿವಿ ಚುಚ್ಚ್ಸೋಕೆ ಹೋಗಿದ್ನಲ್ಲ, ಆಗ."

"ಎಲ್ಡು ತಿಂಗ್ಳಾಯ್ತು."

"ಹೂಂ."

"ಅವನ್ಗೂ ಗೊತ್ತಾ?"

"ಗೊತ್ತು. ನಿಮಗೆ ಹೇಳ್ಬೇಡ ಅಂದ್ರು."

"ನಾನು ಅಂದ ಮಾತ್ಗೆ ನೀನು ಅವತ್ತೇ ತಿರುಗ್ಸಿ ಅನ್ಬೇಕಾಗಿತ್ತು," ಎಂದರು. ಆಮೇಲೆ ಮಗುವಿನತ್ತ ನೋಡಿದರು. "ಇದ್ಕೆ ಏನಾಯ್ತದೆ?"

ಏನೂ ಆಗುವುದಿಲ್ಲ ಎನ್ನಲು ನನ್ನ ಬಾಯಿ ತೆರೆದಿತ್ತು. "ಗೊತ್ತಿಲ್ಲ ಅತ್ತೆ," ಎಂದೆ. "ಡಾಕ್ಟರಿಗೂ ಗೊತ್ತಿಲ್ಲ. ಏನೂ ಆಗದೆ ಇರಬಹುದು."

ಅವರು ಅಳಲಿಲ್ಲ. ನನ್ನ ಕೈಯಿಂದ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದವರು, ಏನೋ ನೆನಪಾದಂತೆ ಹಿಂದೆಗೆದು, ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಮೊಳಕೈವರೆಗೆ ತಿಕ್ಕಿ ತಿಕ್ಕಿ ತೊಳೆದು ಬಂದು ಎತ್ತಿಕೊಂಡರು. ಆ ದಿನವಿಡೀ ಅವರು ಉಣ್ಣಲಿಲ್ಲ. ಮಾವ ಕೇಳಿದ್ದಕ್ಕೆ, "ನಿಮ್ ಡಬ್ಬ ನೀವೇ ಇಸ್ಕಂಡ್ ಬಂದದ್ದು," ಎಂದಷ್ಟೇ ಹೇಳಿದರು. ಮಾವ ಎದ್ದು ಹೊಲದ ಕಡೆ ಹೋದರು.

ಮಾರನೆಯ ಬೆಳಿಗ್ಗೆ ಅತ್ತೆ ಯಾರಿಗೂ ಹೇಳದೆ ಬಸ್ಸು ಹತ್ತಿ ಕಂಪಲಾಪುರಕ್ಕೆ ಹೋಗಿದ್ದರು. ಅವರ ಅತ್ತಿಗೆ ಇನ್ನೂ ಬೂದಿಯಲ್ಲೇ ಬೀಜ ಇಡುತ್ತಿದ್ದರು. ಸಂಜೆ ಒಂದು ಗಂಟು ಅವರೆ ತಂದು, ನಮ್ಮ ಮನೆಯೊಳಗೂ ಬರದೆ ನೇರ ಎದುರುಮನೆಗೆ ಹೋಗಿ ಕೊಟ್ಟರು. "ಉಳ ತಿಂದದೆ, ಆರಿಸ್ಕಂಡ್ ಬೇಯ್ಸವ್ವ," ಎನ್ನುವುದು ನನಗೆ ಕೇಳಿಸಿತು. ಆಕೆ ಏನೋ ನಕ್ಕು ಮಾತಾಡಿದರು. ಅತ್ತೆ ನಗಲಿಲ್ಲ.

ಗುಡಾಣದ ಬೀಜವನ್ನು ಎಸೆಯಲು ಅವರಿಂದಾಗಲಿಲ್ಲ. "ಬಿತ್ತೋಕೆ ಮಡಗಿದ್ದ ಬಿತ್ತೋದೇ," ಎಂದು ಆ ವರ್ಷ ಅಕ್ಕಡಿ ಸಾಲಿಗೆ ಹಾಕಿಸಿದರು. ಪುಡಿ ಮಣ್ಣಿಗೆ ಹೋಗುತ್ತದಲ್ಲ ಎಂದು ನಾನು ಒಳಗೊಳಗೇ ಕುದಿದೆ. ಬೇರೆ ದಾರಿ ನನಗೂ ಗೊತ್ತಿರಲಿಲ್ಲ. ಡಬ್ಬಕ್ಕೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಕೆಲಸಕ್ಕೆ ಬಾರದೆ ಬಿದ್ದಿದ್ದ ಹಳೇ ಬ್ಯಾರನ್ನಿನ ಎತ್ತರದ ಗೂಡಿನಲ್ಲಿಟ್ಟು ಇಟ್ಟಿಗೆ ಕಟ್ಟಿಸಿದೆವು. ಸರ್ಕಾರದವರು ಇಂಥವನ್ನೆಲ್ಲ ತೆಗೆದುಕೊಂಡು ಹೋಗಬೇಕೆಂದು ಒಪ್ಪಂದದಲ್ಲಿದೆಯಂತೆ. ನಾನು ಈ ಸಾಲು ಬರೆಯುವವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಮಗಳಿಗೆ ಎರಡು ವರ್ಷವಾಗುವವರೆಗೆ ಎದೆಹಾಲು ಕೊಟ್ಟೆ. ಅವಳು ಎಲ್ಲರಂತೆ ಬೆಳೆದಳು, ಎಲ್ಲರಂತೆ ಕಾಯಿಲೆ ಬಿದ್ದಳು. ಅವಳಿಗೆ ಮೈ ಬಿಸಿಯಾದಾಗಲೆಲ್ಲ, ನಾನು ಹಣೆ ಮುಟ್ಟಿ ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿರುತ್ತಿದ್ದರು. ಅವಳು ಮೂರನೇ ತರಗತಿಯಲ್ಲಿದ್ದಾಗ ಒಮ್ಮೆ ಜ್ವರ ನಾಲ್ಕು ದಿನವಾದರೂ ಬಿಡಲಿಲ್ಲ. ಹುಣಸೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದ ಕೂಡಲೇ ಅತ್ತೆ ಕೇಳಿದರು.

"ಅದೇನಾ?"

"ಅಲ್ಲ ಅತ್ತೆ. ಶೀತ ಜ್ವರ. ಮಾತ್ರೆ ಕೊಟ್ಟಿದ್ದಾರೆ."

ಅವರು ಮೊಮ್ಮಗಳ ಕಾಲಿನ ಬಳಿ ಕೂತು ಕಂಬಳಿ ಸರಿಮಾಡಿದರು.

"ನೀನು ಏಳ್ದೆ ಇದ್ದಿದ್ರೆ," ಎಂದರು, ನನ್ನ ಕಡೆ ನೋಡದೆ, "ನಾನು ಸೀತಾನ ಸೀತ ಅಂತಲೇ ಅಂದ್ಕಂಡಿರ್ತಿದ್ದೆ."

"ಹೇಳಬಾರದಿತ್ತಾ?"

ಅವರು ಮಾತ್ರೆಯ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟು, "ಏನ್ ಬರ್ದವ್ರೆ ಇದ್ರ ಮ್ಯಾಲೆ? ಪೂರ್ತಿ ಓದು," ಎಂದರು.